ಬಂಗಾರವೂ ಭಂಗಾರವೂ

ಬೆಳಗಾವಿಯ ಪೇಟೆಗೆ ಮೊದಲ ಸಲ ಬಂದವರನ್ನು ಕಕ್ಕಾಬಿಕ್ಕಿಯಾಗಿಸುವ ಶಬ್ದವೊಂದುಂಟು. ದಾರಿಹೋಕರಾರನ್ನಾದರೂ ನಿಲ್ಲಿಸಿ ‘ಬಂಗಾರದ ಅಂಗಡಿ ಎಲ್ಲಿ?’ ಎಂದು ಕೇಳಿದರೆ ಕನ್ನಡಿಯ ಕಪಾಟುಗಳು ಥಳಥಳಿಸುವ ಅಂಗಡಿಸಾಲಿನ ದಾರಿ ತೋರಿಸುತ್ತಾರೆ. ಅದೇ ಮಾತಿನ ಮೊದಲಕ್ಷರಕ್ಕೆ ತುಸು ಉಸಿರು ಕೂಡಿಸಿದರೆ ಸಾಕು, ಕೇಳಿದವನು ತುಕ್ಕು ಹಿಡಿದ ಸೈಕಲ್ಲು, ಸೀಳಿದ ಕೊಡ, ಸತ್ತ ಬ್ಯಾಟರಿ, ರದ್ದಿ ಕಾಗದಗಳ ರಾಶಿಯ ಎದುರು ಹೋಗಿ ನಿಲ್ಲಬೇಕಾಗುತ್ತದೆ. ‘ಭಂಗಾರ’ವೆಂದರೆ ಗುಜರಿ, ಮರಾಠಿಯಿಂದ ಈ ಭಾಗದ ಕನ್ನಡಕ್ಕೆ ಬಂದು ನೆಲೆನಿಂತ ಮಾತು. ಅಲ್ಪಪ್ರಾಣ ಮಹಾಪ್ರಾಣಗಳ ಭೇದ ಶಾಲೆಯ ಮಕ್ಕಳಿಗೆ ವ್ಯಾಕರಣದ ಒಂದು ತೊಡಕು ಮಾತ್ರ. ಬೆಳಗಾವಿಯಲ್ಲಿ ಅದು ತೊಲೆಯ ಲೆಕ್ಕದಲ್ಲಿ ಮಾರುವ ವಸ್ತುವಿಗೂ ಕಿಲೋ ಲೆಕ್ಕದಲ್ಲಿ ತೂಗುವ ವಸ್ತುವಿಗೂ ಇರುವ ಭೇದ.

ಈ ಎರಡು ಅಂಗಡಿಗಳ ನಡುವಣ ದಾರಿಯಲ್ಲಿ ಈಚಿನ ವರ್ಷಗಳಲ್ಲಿ ಹೊಸ ಬಗೆಯ ಬೇಟೆಗಾರರು ಕಾಣಿಸಿಕೊಳ್ಳತೊಡಗಿದ್ದಾರೆ. ಸಂಖ್ಯೆಯಲ್ಲಿ ಅವರು ಬಹಳವಿಲ್ಲ. ಮೂವತ್ತು ದಾಟಿ ಐವತ್ತು ಮುಟ್ಟದ ವಯಸ್ಸು, ವಾರವೆಲ್ಲ ಕಚೇರಿಯ ಕೆಲಸ, ರಜೆಯ ದಿನ ಹೆಗಲಿಗೊಂದು ಚೀಲ. ಕಿಸೆಯಲ್ಲಿ ತಿರುಪು ಬಿಚ್ಚುವ ಸಣ್ಣ ಉಪಕರಣ, ಒಂದಿಷ್ಟು ಹತ್ತಿ, ಸ್ಪಿರಿಟಿನ ಪುಟ್ಟ ಸೀಸೆ. ಇವರು ಅರಸುವುದು ಹಳೆಯ ನಾಣ್ಯಗಳನ್ನಲ್ಲ, ತಾಮ್ರದ ಹಂಡೆಗಳನ್ನಲ್ಲ. ಟೆಲಿವಿಷನ್ನಿಗೆ ಜೋಡಿಸಿ ಆಡುತ್ತಿದ್ದ ಹಳೆಯ ವಿಡಿಯೋ ಗೇಮುಗಳನ್ನು ಮತ್ತು ಅವುಗಳೊಳಗೆ ತುರುಕುತ್ತಿದ್ದ ಪ್ಲಾಸ್ಟಿಕ್ಕಿನ ಬಿಲ್ಲೆಗಳನ್ನು. ಆ ಬಿಲ್ಲೆಗೆ ಕಂಪನಿಯವರು ಇಟ್ಟ ಹೆಸರು ಕಾರ್ಟ್ರಿಜ್. ನಾಡಿನ ಮಕ್ಕಳು ಅದನ್ನು ಎಂದೂ ಹಾಗೆ ಕರೆಯಲಿಲ್ಲ. ಹಾಡಿನ ಪೆಟ್ಟಿಗೆಗೆ ಹಾಕುವುದು ಕ್ಯಾಸೆಟ್ಟಾದರೆ ಆಟದ ಪೆಟ್ಟಿಗೆಗೆ ಹಾಕುವುದೂ ಕ್ಯಾಸೆಟ್ಟೇ ಎಂದು ಅವರು ತೀರ್ಮಾನಿಸಿದರು. ಆ ಹೆಸರೇ ಉಳಿಯಿತು.

ರವಿವಾರದ ಬೇಟೆ

ಬೇಟೆಗೆ ಬೆಳಗಾವಿ ಒಳ್ಳೆಯ ಕಾಡು. ಸಮುದ್ರಮಟ್ಟದಿಂದ ಸುಮಾರು ೨,೫೦೦ ಅಡಿ ಎತ್ತರದಲ್ಲಿರುವ ಈ ಊರು ಮುಂಬಯಿ, ಪುಣೆಗಳ ಕಡೆಯಿಂದ ಬರುವ ದಾರಿಗೂ ಗೋವೆಯಿಂದ ಘಟ್ಟ ಹತ್ತಿ ಬರುವ ದಾರಿಗೂ ಕೂಡುಸ್ಥಾನ. ಆ ಕಡೆಯ ಸರಕೆಲ್ಲ ಒಂದಲ್ಲ ಒಂದು ದಿನ ಇಲ್ಲಿಗೆ ಬಂದೇ ಬರುತ್ತದೆ. ಇದರ ಮೇಲೆ ದಂಡಿನ ಪ್ರದೇಶ. ಮರಾಠಾ ಲಘು ಪದಾತಿ ದಳದ ಕೇಂದ್ರವಿರುವ ಈ ಊರಿಗೆ ದೇಶದ ನಾನಾ ಭಾಗಗಳಿಂದ ಕುಟುಂಬಗಳು ಬರುತ್ತವೆ, ಕೆಲವು ವರ್ಷ ಇರುತ್ತವೆ, ವರ್ಗವಾಗಿ ಹೊರಡುತ್ತವೆ. ಹೊರಡುವವರು ಮಂಚ ಕುರ್ಚಿಗಳನ್ನು ಮಾರುವಾಗ ಬೆಳೆದ ಮಕ್ಕಳ ಆಟಿಕೆಗಳೂ ಅವುಗಳೊಡನೆ ಹೋಗುವುದು ಲೋಕರೂಢಿ.

ಖಡೇಬಜಾರ, ಗಣಪತಿ ಗಲ್ಲಿ, ಮಾರುತಿ ಗಲ್ಲಿಗಳಲ್ಲಿ ಹೊಸ ಸಾಮಾನಿನ ಗದ್ದಲ. ಜನ ಭುಜಕ್ಕೆ ಭುಜ ತಾಗಿಸಿ ನಡೆಯುವ ಅಲ್ಲಿ ಬೇಟೆಗಾರನಿಗೆ ಹೆಚ್ಚು ಕೆಲಸವಿಲ್ಲ. ಅವನ ಕಣ್ಣು ಗಲ್ಲಿಗಳ ಒಳಮೈಯಲ್ಲಿರುವ ರಿಪೇರಿ ಅಂಗಡಿಗಳ ಮೇಲೆ. ರೇಡಿಯೋ ರಿಪೇರಿಯಿಂದ ತೊಡಗಿ, ಟೇಪ್‌ರೆಕಾರ್ಡರು, ಟೀವಿಗಳನ್ನು ದಾಟಿ, ಈಗ ಮೊಬೈಲಿನಲ್ಲಿ ಬಂದು ನಿಂತಿರುವ ಅಂಗಡಿಗಳು ಅವು. ಅಂಥಲ್ಲಿ ಮೇಲಿನ ಹಲಗೆಯ ಮೇಲೆ, ಎಂದೋ ಯಾರೋ ರಿಪೇರಿಗೆ ಕೊಟ್ಟು ಮರಳಿ ಒಯ್ಯದೆ ಬಿಟ್ಟ ಪೆಟ್ಟಿಗೆಗಳು ಧೂಳುಂಡು ಮಲಗಿರುತ್ತವೆ.

ರವಿವಾರ ಖಾಸಬಾಗಿನ ಸಂತೆ. ನೇಕಾರಿಕೆಗೆ ಹೆಸರಾದ ಶಹಾಪುರ, ವಡಗಾವಿಗಳಿಗೆ ಹೊಂದಿಕೊಂಡ ಭಾಗವದು. ಕಾಯಿಪಲ್ಲೆ, ಮೆಣಸಿನಕಾಯಿ, ಉಡುಪುಗಳ ನಡುವೆ ಹಳೆಯ ಸಾಮಾನಿನವನು ಗೋಣಿತಟ್ಟು ಹಾಸಿ ಕುಳಿತನೆಂದರೆ ಅವನ ಮುಂದೆ ಒಂದು ತಲೆಮಾರಿನ ಮನೆಗಳ ಹೊಟ್ಟೆ ಬಗೆದಂತಿರುತ್ತದೆ: ರಿಮೋಟುಗಳು, ಗಡಿಯಾರಗಳು, ಚಾರ್ಜರಿನ ತಂತಿಗಳು, ಮುಚ್ಚಳವಿಲ್ಲದ ಮಿಕ್ಸರಿನ ಪಾತ್ರೆಗಳು. ವ್ಯಾಪಾರದ ಮಾತು ಕನ್ನಡದಲ್ಲಿ ಆರಂಭವಾಗಿ ಮರಾಠಿಯಲ್ಲಿ ಬಿಗಿಯಾಗಿ ಹಿಂದಿಯಲ್ಲಿ ತೀರ್ಮಾನಗೊಳ್ಳುವುದು ಇಲ್ಲಿ ಸಾಮಾನ್ಯ. ಬೇಟೆಗಾರ ಮೊದಲು ಗಡಿಯಾರವನ್ನೆತ್ತುತ್ತಾನೆ, ರಿಮೋಟಿನ ಬೆಲೆ ಕೇಳುತ್ತಾನೆ, ಕೊನೆಗೆ ತನಗೆ ಬೇಕಾದುದನ್ನು ಕಾಲಿನಿಂದ ಸರಿಸಿ ‘ಇದೇನು?’ ಎಂದು ಉದಾಸೀನವಾಗಿ ವಿಚಾರಿಸುತ್ತಾನೆ. ಅಂಗಡಿಯವನು ಮೂವತ್ತು ವರ್ಷ ಗಿರಾಕಿಗಳ ಮುಖ ಓದಿದವನು. ಆ ಉದಾಸೀನದ ಬೆಲೆಯೆಷ್ಟೆಂಬುದು ಅವನಿಗೆ ಚೆನ್ನಾಗಿ ಗೊತ್ತು.

ಕೈಗೆ ಬಂದ ವಸ್ತುವಿನ ಪರೀಕ್ಷೆಯೂ ಒಂದು ವಿದ್ಯೆ. ಬಿಳಿಯ ಪ್ಲಾಸ್ಟಿಕ್ಕು ಹಳದಿಗೆ ತಿರುಗಿದ್ದರೆ ಅಂಜಬೇಕಾದುದಿಲ್ಲ, ವಯಸ್ಸಿನ ಬಣ್ಣವದು. ಕ್ಯಾಸೆಟ್ಟಿನ ಬಾಯಲ್ಲಿರುವ ತಾಮ್ರದ ಹಲ್ಲುಗಳಿಗೆ ಹಸಿರು ಕಿಲುಬು ಹತ್ತಿದ್ದರೆ ಎಚ್ಚರ ಬೇಕು. ಆಟ ನಡೆಯದಾಗ ಕ್ಯಾಸೆಟ್ಟನ್ನು ಹೊರಗೆಳೆದು ಅದರ ಬಾಯಿಗೆ ಜೋರಾಗಿ ಊದಿ ಮತ್ತೆ ಹಾಕುವ ಚಿಕಿತ್ಸೆಯನ್ನು ಜಗತ್ತಿನ ಎಲ್ಲ ಮಕ್ಕಳೂ ಯಾರೂ ಕಲಿಸದೆಯೇ ಕಲಿತಿದ್ದರು. ಊದಿದ್ದರಿಂದ ಗುಣವಾಗುತ್ತಿರಲಿಲ್ಲ; ತೆಗೆದು ಮತ್ತೆ ಹಾಕುವಾಗ ಹಲ್ಲುಗಳು ಸರಿಯಾಗಿ ಕಚ್ಚಿಕೊಳ್ಳುತ್ತಿದ್ದುದೇ ಕಾರಣ. ಉಸಿರಿನ ತೇವವಾದರೋ ಲೋಹಕ್ಕೆ ಕಿಲುಬು ಹಿಡಿಸುತ್ತದೆ. ಸ್ಪಿರಿಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸುವುದೇ ನಿಜವಾದ ಮದ್ದು.

ತತ್ಸಮ ಮತ್ತು ತದ್ಭವ

ಇಷ್ಟೆಲ್ಲ ಪಾಡುಪಟ್ಟು ಬೆಳಗಾವಿಯ ಬೇಟೆಗಾರನಿಗೆ ಸಿಗುವುದೇನು? ಇದನ್ನು ತಿಳಿಯಬೇಕಾದರೆ ತುಸು ಹಿಂದಕ್ಕೆ ಹೋಗಬೇಕು.

ಜಪಾನಿನ ಕ್ಯೋಟೋ ನಗರದಲ್ಲಿ ೧೮೮೯ರಲ್ಲಿ ಇಸ್ಪೀಟೆಲೆಗಳನ್ನು ತಯಾರಿಸಲು ಹುಟ್ಟಿದ ನಿಂಟೆಂಡೊ ಎಂಬ ಸಂಸ್ಥೆ ೧೯೮೩ರ ಜುಲೈ ೧೫ರಂದು ಫ್ಯಾಮಿಕಾಮ್ ಎಂಬ ಕೆಂಪು-ಬಿಳಿಯ ಆಟದ ಪೆಟ್ಟಿಗೆಯನ್ನು ಮಾರುಕಟ್ಟೆಗೆ ತಂದಿತು. ಅದೇ ಮುಂದೆ ಬೇರೆ ಆಕಾರ, ಬೇರೆ ಹೆಸರು ಪಡೆದು ಅಮೆರಿಕ, ಯೂರೋಪುಗಳಿಗೂ ಹೋಯಿತು. ಭಾರತದ ಬಾಗಿಲಲ್ಲಿ ಮಾತ್ರ ಸುಂಕದ ಕಟ್ಟೆ ಎತ್ತರವಾಗಿತ್ತು. ಸೆಗಾ ಎಂಬ ಇನ್ನೊಂದು ಜಪಾನೀ ಸಂಸ್ಥೆ ಶೇಕಡಾ ೮೦ರ ಆಮದು ಸುಂಕವನ್ನು ತಪ್ಪಿಸಿಕೊಳ್ಳಲು ೧೯೯೫ರಲ್ಲಿ ಶಾ ವ್ಯಾಲೇಸ್ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡು ತನ್ನ ಪೆಟ್ಟಿಗೆಯನ್ನು ಇಲ್ಲಿ ಮಾರಹೊರಟಾಗಲೂ ಅದರ ಬೆಲೆ ೧೮,೦೦೦ ರೂಪಾಯಿ ಆಯಿತು. ಆ ಕಾಲದಲ್ಲಿ ಮಧ್ಯಮವರ್ಗದ ಗೃಹಸ್ಥನೊಬ್ಬ ಅಷ್ಟು ಹಣವನ್ನು ಮಗನ ಆಟಕ್ಕೆಂದು ತೆಗೆದಿಡುವುದು ಕನಸಿನ ಮಾತು.

ಅಸಲು ಬರಲಾರದಾದಲ್ಲಿ ನಕಲು ಬಂತು. ಜಪಾನೀ ಯಂತ್ರದ ಒಳಗಿನ ಸಮಸ್ತವನ್ನೂ ಒಂದೇ ಚಿಪ್ಪಿನಲ್ಲಿ ಅಡಗಿಸಿ, ಅದರ ಮೇಲೆ ಕರಿಯ ಅಂಟಿನ ಬೊಟ್ಟಿಟ್ಟು, ಅಗ್ಗದ ಪ್ಲಾಸ್ಟಿಕ್ಕಿನ ಕವಚ ತೊಡಿಸಿದ ಪೆಟ್ಟಿಗೆಗಳು ಪೂರ್ವ ಏಷ್ಯದಿಂದ ಹರಿದು ಬಂದವು. ಸಮುರಾಯ್, ಮೀಡಿಯಾ, ಲಿಟಲ್ ಮಾಸ್ಟರ್, ವಿಜ್ ಕಿಡ್, ಟರ್ಮಿನೇಟರ್ ಎಂದು ಅವುಗಳಿಗೆ ನಾನಾ ನಾಮಧೇಯಗಳು. ಜೊತೆಗೆ ‘ಲಕ್ಷಾಂತರ ಆಟಗಳು ಒಂದರಲ್ಲಿ’ ಎಂದು ಸಾರುವ ಹಳದಿ ಕ್ಯಾಸೆಟ್ಟು. ಒಳಗೆ ಇರುತ್ತಿದ್ದುದು ಬೆರಳೆಣಿಕೆಯ ಆಟಗಳು. ಅವೇ ಹೆಸರು ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತಿದ್ದವು. ಮಾರಿಯೋ, ಕಾಂಟ್ರಾ, ಬಾತುಕೋಳಿಯ ಬೇಟೆ, ಹಣ್ಣು ತಿನ್ನುವ ಗುಂಡು ಮುಖ—ಮೂಲ ಕರ್ತೃಗಳಿಗೆ ಬಿಡಿಗಾಸೂ ಸಲ್ಲದ ಈ ವ್ಯಾಪಾರ ನ್ಯಾಯವಾದುದೆಂದು ಯಾರೂ ಹೇಳಲಾರರು. ಆದರೆ ಆಡುತ್ತಿದ್ದ ಮಕ್ಕಳಿಗೆ ಅದರ ಸುಳಿವಿರಲಿಲ್ಲ. ಆ ಪೆಟ್ಟಿಗೆಯೇ ಅಸಲೆಂದು ಅವರು ತಿಳಿದಿದ್ದರು.

ಕನ್ನಡದ ವ್ಯಾಕರಣದಲ್ಲಿ ಇದಕ್ಕೊಂದು ಒಳ್ಳೆಯ ಹೆಸರಿದೆ. ಸಂಸ್ಕೃತದ ಶಬ್ದ ರೂಪ ಕೆಡದೆ ಬಂದರೆ ತತ್ಸಮ. ಈ ನೆಲದ ನಾಲಗೆಗೆ ಹೊಂದುವಂತೆ ಸವೆದು ಮಾರ್ಪಟ್ಟು ಬಂದರೆ ತದ್ಭವ. ವಿದ್ಯೆ ಬಿಜ್ಜೆಯಾಯಿತು, ಆಕಾಶ ಆಗಸವಾಯಿತು. ಆಗಸವು ಆಕಾಶದ ಖೋಟಾ ನಾಣ್ಯವೆಂದು ಯಾವ ಪಂಡಿತನೂ ಅದನ್ನು ನಿಘಂಟಿನಿಂದ ಹೊರಗೆ ಹಾಕಲಿಲ್ಲ. ಜನರ ಬಾಯಲ್ಲಿ ಬದುಕಿದ್ದೇ ಅದರ ಅಧಿಕಾರಪತ್ರ. ೧೯೯೦ರ ದಶಕದ ಬೆಳಗಾವಿಯ ಹುಡುಗ ಆಡಿದ್ದು ಜಪಾನಿನ ಆಟದ ತದ್ಭವ. ವಿದ್ಯುತ್ತು ಹೋಗಿ ಎಂಟನೆಯ ಹಂತದಿಂದ ಮೊದಲನೆಯದಕ್ಕೆ ಬಿದ್ದ ದುಃಖ, ಗಂಟೆಗಿಷ್ಟು ರೂಪಾಯಿಯೆಂದು ಬಾಡಿಗೆ ಕೊಟ್ಟು ಆಡಿದ ಬೇಸಿಗೆಯ ರಜೆ, ಟೀವಿ ಕೆಡುತ್ತದೆಂಬ ತಂದೆಯ ಗದರಿಕೆ—ಇವುಗಳಲ್ಲಿ ನಕಲು ಯಾವುದು?

ಬೆಲೆಯ ಮಾತು

ಜಗತ್ತಿನ ಮಾರುಕಟ್ಟೆ ಈ ವಾದವನ್ನು ಒಪ್ಪುವುದಿಲ್ಲ. ಅಲ್ಲಿ ಬೆಲೆಯುಳ್ಳದ್ದು ತತ್ಸಮಕ್ಕೆ ಮಾತ್ರ; ಅದರಲ್ಲೂ ಯಾರೂ ಆಡದೆ, ಮುದ್ರೆಯೊಡೆಯದೆ ಉಳಿದ ಪೆಟ್ಟಿಗೆಗೆ. ೨೦೨೧ರ ಜುಲೈಯಲ್ಲಿ ಅಮೆರಿಕದ ಹರಾಜೊಂದರಲ್ಲಿ ‘ಸೂಪರ್ ಮಾರಿಯೋ ೬೪’ ಎಂಬ ಆಟದ ಮುದ್ರೆಯೊಡೆಯದ ಪ್ರತಿಯೊಂದು ೧೫.೬ ಲಕ್ಷ ಡಾಲರಿಗೆ, ಎಂದರೆ ಹನ್ನೊಂದು ಕೋಟಿ ರೂಪಾಯಿಗೂ ಮೀರಿ ಮಾರಾಟವಾಯಿತು. ಆಡುವುದಕ್ಕಾಗಿ ಮಾಡಿದ ವಸ್ತು ಎಂದೂ ಆಡದೆ ಉಳಿದಿದ್ದರಿಂದಲೇ ಬೆಲೆ ಪಡೆಯುವುದು ವಿಚಿತ್ರವಲ್ಲವೇ?

ಭಂಗಾರ ಬಂಗಾರವಾದ ನಿದರ್ಶನವೂ ಅಲ್ಲಿಯೇ ಉಂಟು. ಮಾರಾಟವಾಗದೆ ಉಳಿದ ಸರಕನ್ನು ಅಟಾರಿ ಎಂಬ ಕಂಪನಿ ೧೯೮೩ರಲ್ಲಿ ನ್ಯೂ ಮೆಕ್ಸಿಕೋದ ಅಲಮೊಗೋರ್ಡೊ ಊರಿನ ಕಸದ ಗುಂಡಿಯಲ್ಲಿ ಹೂಳಿಸಿತ್ತು. ೨೦೧೪ರ ಏಪ್ರಿಲಿನಲ್ಲಿ ಆ ಗುಂಡಿಯನ್ನು ಅಗೆದು ಸುಮಾರು ೧,೩೦೦ ಕ್ಯಾಸೆಟ್ಟುಗಳನ್ನು ಹೊರತೆಗೆದರು. ಅವುಗಳಲ್ಲಿ ಬಹುಭಾಗ ಹರಾಜಿನಲ್ಲಿ ಒಂದು ಲಕ್ಷ ಡಾಲರಿಗೂ ಹೆಚ್ಚು ಹಣ ತಂದಿತು. ಒಂದು ವಸ್ತುಸಂಗ್ರಹಾಲಯ ಸೇರಿತು. ಕಸವೆಂದು ಹೂಳಿದ್ದು ಮೂವತ್ತೊಂದು ವರ್ಷಗಳಲ್ಲಿ ಇತಿಹಾಸವಾಯಿತು.

ಈ ಸುದ್ದಿಗಳು ಬೆಳಗಾವಿಗೂ ಮುಟ್ಟಿವೆ. ಮೊದಲು ಕಿಲೋ ಲೆಕ್ಕದಲ್ಲಿ ಕೊಡುತ್ತಿದ್ದ ಹಳೆಯ ಸಾಮಾನಿನವನು ಈಗ ಮೊಬೈಲು ತೆಗೆದು ಚಿತ್ರ ಹುಡುಕಿ, ಸಾವಿರಾರು ರೂಪಾಯಿ ಹೇಳುವುದುಂಟು. ಅವನ ಕೈಯಲ್ಲಿರುವುದು ನಕಲು, ಚಿತ್ರದಲ್ಲಿರುವುದು ಅಸಲು ಎಂದು ಬೇಟೆಗಾರ ವಿವರಿಸಿದರೆ ಅವನು ನಂಬುವುದಿಲ್ಲ. ಕೊಳ್ಳುವವನು ಹಳಿಯುವುದು ಬೆಲೆ ಇಳಿಸಲಿಕ್ಕೇ ಎಂಬುದು ಪೇಟೆಯ ಹಳೆಯ ಪಾಠ. ಇದಕ್ಕೆ ವಿರುದ್ಧವಾದ ಪ್ರಸಂಗ ಇನ್ನೂ ಕಠಿಣ. ರಾಶಿಯ ತಳದಲ್ಲಿ ನಿಜವಾದ ಜಪಾನೀ ಕ್ಯಾಸೆಟ್ಟೊಂದು ಸಿಕ್ಕು, ಅಂಗಡಿಯವನು ಅದಕ್ಕೆ ಐವತ್ತು ರೂಪಾಯಿ ಕೇಳಿದನೆನ್ನಿ. ತಿಳಿದವನು ಸುಮ್ಮನೆ ಕೊಟ್ಟು ನಡೆದುಬಿಡಬೇಕೇ? ಅಥವಾ ಇದಕ್ಕೆ ಇಷ್ಟು ಬೆಲೆಯುಂಟೆಂದು ಹೇಳಬೇಕೇ? ಬಿಸಿಲಲ್ಲಿ ಕೈಗಾಡಿ ತಳ್ಳಿ ಅದನ್ನು ತಂದವನು ಅವನು; ಅದರ ಗುರುತು ಹಿಡಿದವನು ಇವನು. ವಿದ್ಯೆಗೆ ಕೂಲಿಯಿರುವುದು ಸರಿ. ಆದರೆ ಇನ್ನೊಬ್ಬನ ಅರಿಯದಿರುವಿಕೆಯನ್ನೇ ಲಾಭವೆಂದು ಬರೆದುಕೊಳ್ಳುವ ಲೆಕ್ಕದ ಪುಸ್ತಕ ಮನಸ್ಸಿಗೆ ಹಗುರವಾಗಿರಲಾರದು. ಬಲ್ಲ ಬೇಟೆಗಾರರು ಕೇಳಿದ್ದಕ್ಕಿಂತ ಹೆಚ್ಚು ಕೊಟ್ಟು, ಮುಂದಿನ ಸಲ ಇಂಥದು ಬಂದರೆ ತೆಗೆದಿಡು ಎಂದು ಹೇಳಿ ಹೋಗುತ್ತಾರೆ. ಧರ್ಮವೂ ಅದೇ, ವ್ಯವಹಾರದ ಜಾಣ್ಮೆಯೂ ಅದೇ.

ಎಲ್ಲರೂ ಮರೆಯುವ ಇನ್ನೊಂದು ಮಾತಿದೆ. ಪೆಟ್ಟಿಗೆ ಸಿಕ್ಕರಷ್ಟೇ ಸಾಲದು, ಹಳೆಯ ಡುಬ್ಬದ ಟೀವಿಯೂ ಬೇಕು. ಬಾತುಕೋಳಿಗೆ ಗುಂಡಿಡುವ ಪ್ಲಾಸ್ಟಿಕ್ ಪಿಸ್ತೂಲು ಗುಂಡನ್ನೇನೂ ಹಾರಿಸುವುದಿಲ್ಲ. ಕುದುರೆ ಎಳೆದ ಕ್ಷಣ ತೆರೆ ಒಮ್ಮೆ ಕಪ್ಪಾಗಿ ಬಾತುಕೋಳಿಯಿದ್ದಲ್ಲಿ ಬಿಳಿಯ ಚೌಕ ಮೂಡುತ್ತದೆ, ಪಿಸ್ತೂಲಿನ ಕಣ್ಣು ಆ ಬೆಳಕನ್ನು ಹಿಡಿಯುತ್ತದೆ. ಗಾಜಿನ ಕೊಳವೆಯ ಟೀವಿ ಇದನ್ನು ತಡವಿಲ್ಲದೆ ತೋರಿಸುತ್ತಿತ್ತು. ಇಂದಿನ ತೆಳುವಾದ ಟೀವಿ ಚಿತ್ರವನ್ನು ಸಂಸ್ಕರಿಸುವಷ್ಟರಲ್ಲಿ ಕ್ಷಣ ಜಾರಿಹೋಗುತ್ತದೆ, ಬಾತುಕೋಳಿ ಸಾಯುವುದಿಲ್ಲ. ಡುಬ್ಬದ ಟೀವಿಗಳಾದರೋ ರಾಶಿರಾಶಿಯಾಗಿ ಒಡೆಯಲ್ಪಡುತ್ತಿವೆ. ಅವುಗಳ ಗಾಜಿನಲ್ಲಿ ಸೀಸವಿರುವುದರಿಂದ ಎಲ್ಲೆಂದರಲ್ಲಿ ಒಡೆಯುವುದು ಅಪಾಯಕರ. ವಿದ್ಯುನ್ಮಾನ ತ್ಯಾಜ್ಯವನ್ನು ಕುರಿತು ೨೦೨೨ರಲ್ಲಿ ಹೊರಟು ೨೦೨೩ರ ಏಪ್ರಿಲಿನಿಂದ ಜಾರಿಗೆ ಬಂದ ನಿಯಮಗಳು ಇಂಥ ವಸ್ತುಗಳು ನೋಂದಾಯಿತ ಮರುಬಳಕೆದಾರರನ್ನು ಸೇರಬೇಕೆನ್ನುತ್ತವೆ. ವಿಷದ ದೃಷ್ಟಿಯಿಂದ ಅದು ಸರಿಯೇ. ಆದರೆ ಹಾಗೆ ಕರಗುವ ರಾಶಿಯಲ್ಲಿ ನೆನಪುಗಳೂ ಕರಗುತ್ತವೆ. ಅಮೆರಿಕದ ವಿಡಿಯೋ ಗೇಮ್ ಇತಿಹಾಸ ಪ್ರತಿಷ್ಠಾನವು ೨೦೨೩ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಆ ದೇಶದಲ್ಲಿ ಹೊರಬಂದ ಹಳೆಯ ಆಟಗಳಲ್ಲಿ ಶೇಕಡಾ ೮೭ರಷ್ಟು ಇಂದು ಮಾರಾಟದಲ್ಲಿಲ್ಲ. ಅಸಲಿನ ಗತಿಯೇ ಹೀಗಿದ್ದಮೇಲೆ ಹೆಸರಿಲ್ಲದ ನಕಲಿನ ಗತಿ ಹೇಳಬೇಕೇ?

ಖಾನಾಪುರದ ದಾರಿ

ನಗರದ ಪೇಟೆ ಬರಿದಾದಂತೆ ಬೇಟೆಗಾರರು ಈಗ ಖಾನಾಪುರದತ್ತ ಮುಖ ಮಾಡುತ್ತಾರೆ. ಟಿಳಕವಾಡಿ ದಾಟಿ, ಎರಕದ ಕಾರ್ಖಾನೆಗಳ ಉದ್ಯಮಬಾಗ, ಪೀರನವಾಡಿ, ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವಿರುವ ಮಚ್ಛೆಗಳನ್ನು ಹಿಂದಿಕ್ಕಿ ಗೋವೆಯ ಹೆದ್ದಾರಿಯಲ್ಲಿ ಸುಮಾರು ೨೬ ಕಿಲೋಮೀಟರು. ಮಣ್ಣಿನ ಬಣ್ಣ ಕೆಂಪಾಗುತ್ತದೆ, ಮರಗಳು ದಟ್ಟವಾಗುತ್ತವೆ, ಗಾಳಿ ತಣ್ಣಗಾಗುತ್ತದೆ. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಊರ ಮಗ್ಗುಲಲ್ಲಿ ಹರಿಯುತ್ತಾಳೆ. ಕದಂಬರ ಹಲಸಿ, ಸಂಗೊಳ್ಳಿ ರಾಯಣ್ಣನ ಸಮಾಧಿಯಿರುವ ನಂದಗಡಗಳು ಇದೇ ತಾಲೂಕಿನಲ್ಲಿವೆ.

ಖಾನಾಪುರ ಮಣ್ಣಿನ ಊರು. ಇಲ್ಲಿಯ ಜೇಡಿಮಣ್ಣಿನಿಂದ ಹೆಂಚು, ಇಟ್ಟಿಗೆ, ಮಡಕೆಗಳಾಗುತ್ತವೆ. ಕುಂಬಾರಿಕೆಯನ್ನು ಕಲಿಸಲು ಖಾದಿ ಗ್ರಾಮೋದ್ಯೋಗ ಆಯೋಗದ ಸಂಸ್ಥೆಯೇ ಇಲ್ಲಿದೆ. ಮಣ್ಣಿನ ಆನೆ ಒಡೆದರೆ ಮಣ್ಣಾಗುತ್ತದೆ. ಪ್ಲಾಸ್ಟಿಕ್ಕಿನ ಆಟಿಕೆಗೆ ಆ ಸದ್ಗತಿ ಇಲ್ಲ. ಅದು ಮಣ್ಣಾಗಲಾರದು, ಬಾಳಲೂ ಆರದು. ಅದರಲ್ಲೂ ಘಟ್ಟದ ಸೆರಗಿನ ಈ ತಾಲೂಕಿನ ಮಳೆಗಾಲ ಯಂತ್ರಗಳಿಗೆ ಯಮನಂತೆ. ನಾಲ್ಕು ತಿಂಗಳ ತೇವದಲ್ಲಿ ತಿರುಪುಗಳು ತುಕ್ಕು ಹಿಡಿಯುತ್ತವೆ, ಹಲಗೆಯ ಮೇಲೆ ಬೂಷ್ಟು ಬೆಳೆಯುತ್ತದೆ, ರಿಮೋಟಿನಲ್ಲಿ ಬಿಟ್ಟ ಸೆಲ್ಲುಗಳು ಸೋರುತ್ತವೆ. ಆದಕಾರಣ ಇಲ್ಲಿಯ ಸಂತೆಯಲ್ಲಿ ಸಿಗುವುದು ಬಹುಮಟ್ಟಿಗೆ ಹೆಣಗಳೇ. ಜೀವವುಳ್ಳದ್ದು ಸಿಗುವುದು ಹೆಂಚಿನ ಮನೆಗಳ ಅಟ್ಟದಲ್ಲಿ, ಒಲೆಯ ಹೊಗೆ ತಾಕಿ ತೇವವಾರಿದ ಮೂಲೆಗಳಲ್ಲಿ. ಮುಂದಿನ ಬಿತ್ತನೆಯ ಬೀಜವನ್ನು ಕಾಯ್ದಿಡುವ ಜಾಗದಲ್ಲಿ.

ಅಂಥದೊಂದು ಮನೆಯ ವೃತ್ತಾಂತವನ್ನು ಹೇಳಿ ಈ ಸುತ್ತನ್ನು ಮುಗಿಸಬಹುದು. ಪರಿಚಿತರಿಂದ ಸುಳಿವು ಹಿಡಿದು ಒಬ್ಬ ಬೇಟೆಗಾರ ಮಳೆಗಾಲದ ಕೊನೆಗೆ ಅಲ್ಲಿಗೆ ಹೋದ. ಮನೆಯಲ್ಲಿ ವಯಸ್ಸಾದ ತಾಯಿಯೊಬ್ಬರೇ. ಮಗ ಪುಣೆಯಲ್ಲಿ ನೌಕರಿಗಿದ್ದಾನೆ; ವರ್ಷಕ್ಕೊಮ್ಮೆ ಗಣಪತಿ ಹಬ್ಬಕ್ಕೆ ಬರುತ್ತಾನೆ. ಅಟ್ಟದಿಂದ ಇಳಿಸಿದ ರಟ್ಟಿನ ಪೆಟ್ಟಿಗೆಯಲ್ಲಿ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ಆಟದ ಯಂತ್ರವಿತ್ತು. ತಂತಿಗಳನ್ನು ಮಡಿಸಿ ನೂಲಿನಿಂದ ಕಟ್ಟಿತ್ತು. ಜಗತ್ತಿನ ಯಾವ ಬೆಲೆಪಟ್ಟಿಯಲ್ಲೂ ಹೆಸರಿಲ್ಲದ ನಕಲಿ ಪೆಟ್ಟಿಗೆ. ಇಷ್ಟು ಜತನವಾಗಿ ಉಳಿದದ್ದನ್ನು ಅವನು ಎಲ್ಲಿಯೂ ಕಂಡಿರಲಿಲ್ಲ. ಸಾವಿರ ರೂಪಾಯಿ ಕೊಡುವೆನೆಂದ.

ತಾಯಿ ಉತ್ತರ ಕೊಡಲಿಲ್ಲ. ‘ಚಾಲೂ ಐತೇನು ನೋಡ್ರಿ ಮದಲ’ ಎಂದರು. ಮನೆಯಲ್ಲಿ ಡುಬ್ಬದ ಟೀವಿಯೂ ಇತ್ತು. ಅವನು ತಿರುಪು ಬಿಚ್ಚಿ, ಹತ್ತಿಗೆ ಸ್ಪಿರಿಟು ಹಚ್ಚಿ, ಕ್ಯಾಸೆಟ್ಟಿನ ಹಲ್ಲುಗಳನ್ನು ಒಂದೊಂದಾಗಿ ಒರೆಸಿದ. ಕಡಿದಿದ್ದ ತಂತಿಯೊಂದನ್ನು ಜೋಡಿಸಿದ. ಹಾಕಿದಾಗ ತೆರೆ ಬೂದುಬಣ್ಣವಾಗಿ ಕಂಪಿಸಿತು, ಅಷ್ಟೆ. ಅವನು ಮತ್ತೆ ಹೊರಗೆಳೆದು ಒರೆಸತೊಡಗಿದಾಗ ಆ ತಾಯಿ ಮುಂದೆ ಬಂದು, ‘ಹಂಗಲ್ಲಪ್ಪಾ, ಅವ ಉಫ್ ಅಂತ ಊದಿ ಹಾಕ್ತಿದ್ದ’ ಎಂದು ಕ್ಯಾಸೆಟ್ಟನ್ನು ತಾವೇ ಇಸಿದುಕೊಂಡು, ಎರಡು ಕೈಯಲ್ಲಿ ಹಿಡಿದು, ಅದರ ಬಾಯಿಗೆ ಊದಿದರು. ಊದಬಾರದೆಂಬ ಶಾಸ್ತ್ರ ಬಲ್ಲವನು ಬಾಯಿ ತೆರೆಯಲಿಲ್ಲ. ಈ ಸಲ ಆಟ ಹತ್ತಿತು. ಮೂವತ್ತು ವರ್ಷದ ಹಿಂದಿನ ರಾಗ ಆ ನಡುಮನೆಯಲ್ಲಿ ಮೊಳಗಿತು.

ಬೆಲೆಯ ಮಾತು ಮತ್ತೆ ಬರಲಿಲ್ಲ. ಬೇಟೆಗಾರ ತಂತಿಗಳನ್ನು ಮೊದಲಿನಂತೆಯೇ ಮಡಿಸಿ ನೂಲು ಸುತ್ತಿದ, ಸೀರೆಯ ತುಂಡಿನಲ್ಲಿ ಕಟ್ಟಿದ, ಪೆಟ್ಟಿಗೆಯನ್ನು ತಾನೇ ಅಟ್ಟಕ್ಕೇರಿಸಿದ. ಹಬ್ಬಕ್ಕೆ ಬಂದಾಗ ಮಗನಿಗೆ ತೋರಿಸುವುದಾಗಿ ತಾಯಿ ಹೇಳಿದರು; ಚಹಾ ಕುಡಿಸಿ ಕಳಿಸಿದರು. ಬೆಳಗಾವಿಯ ಬಸ್ಸಿನಲ್ಲಿ ಅವನ ಚೀಲ ಖಾಲಿಯಾಗಿಯೇ ಇತ್ತು. ಬೇಟೆ ಸಿಗದ ದಿನವೆಂದು ಅವನು ಅದನ್ನು ಲೆಕ್ಕಕ್ಕೆ ಹಿಡಿದಿಲ್ಲವಂತೆ.